ಇನ್ನೊಬ್ಬರ ಕಿವಿಯ ಸಾಕ್ಷಿ

ಮಿರಜ್ ಜಂಕ್ಷನ್ನಿನಲ್ಲಿ ರೈಲು ಹತ್ತಿ ಕುಳಿತವರಿಗೆಲ್ಲ ಈ ಅನುಭವ ಒಮ್ಮೆಯಾದರೂ ಆಗಿರುತ್ತದೆ. ಒಂದು ದಾರಿ ಕೊಲ್ಹಾಪುರಕ್ಕೆ, ಒಂದು ಪುಣೆಗೆ, ಒಂದು ಬೆಳಗಾವಿಗೆ, ಇನ್ನೊಂದು ಪಂಢರಪುರದ ಕಡೆಗೆ. ಹೀಗಾಗಿ ಯಾವಾಗ ನೋಡಿದರೂ ಪಕ್ಕದ ಹಳಿಯಲ್ಲಿ ಇನ್ನೊಂದು ಗಾಡಿ ನಿಂತಿರುತ್ತದೆ. ಕಿಟಕಿಯ ಆಚೆ ನೋಡುತ್ತಿರುವಾಗ ನಮ್ಮ ಗಾಡಿ ಮೆಲ್ಲಗೆ ಹೊರಟಿತು ಅನ್ನಿಸುತ್ತದೆ. ಚಹಾದ ಕಪ್ಪು ಹಿಡಿದ ಕೈ ತಾನಾಗಿಯೇ ಬಿಗಿಯಾಗುತ್ತದೆ. ಆಚೆಯ ಗಾಡಿಯ ಕೊನೆಯ ಡಬ್ಬಿ ದಾಟಿದ ಮೇಲೆ ನೋಡಿದರೆ ಪ್ಲಾಟ್‌ಫಾರ್ಮಿನ ಅದೇ ಕಂಬ ಅಲ್ಲೇ ಇದೆ, ನಾವೂ ಅಲ್ಲೇ ಇದ್ದೇವೆ. ಹೋದದ್ದು ಪಕ್ಕದ ಗಾಡಿ.

ಕಣ್ಣು ಮೋಸ ಮಾಡಿತು ಎಂದು ನಕ್ಕು ಸುಮ್ಮನಾಗುತ್ತೇವೆ. ಆದರೆ ಕಣ್ಣು ಮೋಸ ಮಾಡಿಲ್ಲ. ಎದುರಿನ ದೃಶ್ಯವೆಲ್ಲ ಒಂದು ಕಡೆಗೆ ಸರಿಯುತ್ತಿದೆ ಎಂದಷ್ಟೇ ಅದು ಹೇಳಿತು, ಅದು ನಿಜವೇ ಆಗಿತ್ತು. ನಮ್ಮ ಚಲನೆಯನ್ನು ತಿಳಿಸಲು ಒಳಗಿವಿಯಲ್ಲಿ ಇನ್ನೊಂದು ಅಂಗವಿದೆ. ಅದಕ್ಕೆ ವೇಗ ಹೆಚ್ಚುಕಡಿಮೆಯಾದಾಗ ಮಾತ್ರ ಗೊತ್ತಾಗುತ್ತದೆ. ಗಾಡಿ ನಿಂತಿದ್ದರೂ ಅದು ಸುಮ್ಮನಿರುತ್ತದೆ, ಒಂದೇ ವೇಗದಲ್ಲಿ ಓಡುತ್ತಿದ್ದರೂ ಸುಮ್ಮನಿರುತ್ತದೆ. ಅದರ ಮೌನಕ್ಕೆ ಎರಡು ಅರ್ಥ. ಈ ಇಬ್ಬರು ಸಾಕ್ಷಿಗಳ ಮಾತನ್ನು ಕೂಡಿಸಿ ಮಿದುಳು ತೀರ್ಪು ಕೊಡಬೇಕು. ಕಣ್ಣೆದುರಿನ ಇಡೀ ದೃಶ್ಯ ಸರಿದರೆ ಸರಿಯುತ್ತಿರುವುದು ನಾವು, ಊರಲ್ಲ ಎಂಬುದು ಅದರ ಹುಟ್ಟಿದಾಗಿನ ಅನುಭವ. ಆ ಅನುಭವದ ಬಲದ ಮೇಲೆ 'ಗಾಡಿ ಹೊರಟಿತು' ಎಂದಿತು. ತೀರ್ಪು ತಪ್ಪಾಯಿತು, ಆದರೆ ಮಿದುಳು ಹಿಡಿದ ದಾರಿ ತಪ್ಪಾಗಿರಲಿಲ್ಲ.

ಇದನ್ನು ಇಲ್ಲಿ ಬರೆಯಲು ಕಾರಣ ನಮ್ಮ ಧರ್ಮಕೇಂದ್ರದ ಒಬ್ಬ ಹುಡುಗ. ಹೆಸರು ಬೇಡ. ಏಳೆಂಟು ವರ್ಷದವನು. ದಿವ್ಯ ಬಲಿಪೂಜೆಯಲ್ಲಿ ಪ್ರಸಾದವನ್ನು ಎತ್ತಿ ಹಿಡಿದಾಗ ಗಂಟೆ ಬಾರಿಸುತ್ತಾರಲ್ಲ, ಆ ಗಂಟೆಗೆ ಅವನು ಎರಡೂ ಕಿವಿ ಮುಚ್ಚಿಕೊಂಡು ಬೆಂಚಿನ ಕೆಳಗೆ ಸೇರುತ್ತಾನೆ. ಗಾಯನ ವೃಂದದ ಮೈಕು ಸಿಳ್ಳೆ ಹಾಕಿದರೆ ಅಳು. ಹಬ್ಬದ ದಿನ ಹಲಗಿ ಶುರುವಾದರೆ ಮನೆಗೇ ಓಡುತ್ತಾನೆ. "ಅವಗ ಕಿವ್ಯಾಗ ಚುಚ್ಚಿದಂಗ ಆಗ್ತೈತ್ರೀ" ಎಂದು ತಾಯಿ ಹೇಳುತ್ತಾರೆ. "ಎಲ್ಲಾ ಹುಡುಗ್ರು ಸುಮ್ನ ಕುಂಡ್ರತಾವ, ಇವಗಷ್ಟ ಏನ್ ಆಗೇತಿ? ಭಾಳ ಲಾಡ ಮಾಡೀರಿ" ಎಂದು ಹಿಂದಿನ ಬೆಂಚಿನಿಂದ ಉತ್ತರ ಬರುತ್ತದೆ. ಹೇಳಿದವರು ಕೆಟ್ಟವರಲ್ಲ, ಅದೇ ಹುಡುಗನಿಗೆ ಪೂಜೆ ಮುಗಿದ ಮೇಲೆ ಪೆಪ್ಪರಮಿಂಟು ಕೊಡುವವರೇ. ಕೆಲವು ತಿಂಗಳಿನಿಂದ ಆ ತಾಯಿ ಮಗನನ್ನು ಹಿಡಿದುಕೊಂಡು ಗೇಟಿನ ಹತ್ತಿರ ಬೇವಿನ ಗಿಡದ ಕೆಳಗೆ ನಿಂತು ಪೂಜೆಯಲ್ಲಿ ಭಾಗವಹಿಸುತ್ತಿದ್ದಾರೆ.

ಪ್ರಶ್ನೆ ಇಷ್ಟೇ. ನಮ್ಮ ಕಿವಿಗೆ ಹಿತವಾಗಿರುವ ಗಂಟೆ ತನ್ನ ಕಿವಿಗೆ ಚುಚ್ಚುತ್ತದೆ ಎಂದು ಇನ್ನೊಬ್ಬರು ಹೇಳಿದರೆ, ಅದನ್ನು ನಂಬುವುದು ನಮ್ಮ ಹೊಣೆಯೇ? ಅಥವಾ ಹತ್ತು ಜನರ ಕಿವಿ ಹೇಳಿದ್ದೇ ಸತ್ಯವೇ?

ಉತ್ತರಕ್ಕೆ ಮೊದಲು, ಕೇಳುವುದು ಅಂದರೆ ಏನು ಎಂದು ನೋಡಬೇಕು. ಬಿ.ಎಸ್ಸಿ. ಓದುವಾಗ ನಮ್ಮ ಪುಸ್ತಕದಲ್ಲಿ ಕಣ್ಣಿಗೆ ಒಂದು ಪಾಠ, ಕಿವಿಗೆ ಒಂದು ಪಾಠ, ಚರ್ಮಕ್ಕೆ ಒಂದು ಪಾಠ ಇತ್ತು. ಐದು ಕಿಟಕಿಗಳ ಮನೆಯ ಹಾಗೆ. ಆ ಐದು ಕಿಟಕಿಗಳಿಂದ ಬಂದದ್ದು ಎಲ್ಲಿ ಒಂದಾಗುತ್ತದೆ ಎಂಬ ಪಾಠ ಮಾತ್ರ ಇರಲಿಲ್ಲ. ಪರೀಕ್ಷೆಗೂ ಬರುತ್ತಿರಲಿಲ್ಲ, ನಾವೂ ಕೇಳಲಿಲ್ಲ. ಆದರೆ ಈ ಪ್ರಶ್ನೆ ಹಳೆಯದು. 13ನೇ ಶತಮಾನದಲ್ಲಿ ಸಂತ ಥಾಮಸ್ ಅಕ್ವಿನಾಸರು ಅರಿಸ್ಟಾಟಲನನ್ನು ಅನುಸರಿಸಿ ಇದನ್ನು ಚರ್ಚಿಸಿದ್ದಾರೆ. ಬಿಳಿ ಬೇರೆ, ಹಸಿರು ಬೇರೆ ಎಂದು ಕಣ್ಣು ಹೇಳಬಲ್ಲದು. ಬಿಳಿ ಬೇರೆ, ಸಿಹಿ ಬೇರೆ ಎಂದು ಹೇಳುವವರು ಯಾರು? ಕಣ್ಣಿಗೆ ಸಿಹಿ ಗೊತ್ತಿಲ್ಲ, ನಾಲಗೆಗೆ ಬಿಳಿ ಗೊತ್ತಿಲ್ಲ. ಎರಡನ್ನೂ ಬಲ್ಲ ಇನ್ನೊಂದು ಶಕ್ತಿ ಒಳಗೆ ಇರಲೇಬೇಕು ಎಂದು ಅವರು ತರ್ಕಿಸಿದರು. ಅದನ್ನು ಎಲ್ಲ ಇಂದ್ರಿಯಗಳಿಗೂ ಸಾಮಾನ್ಯವಾದ ಇಂದ್ರಿಯ ಎಂದು ಕರೆದರು. ಸಕ್ಕರೆಯ ಹರಳೊಂದನ್ನು ಕೈಯಲ್ಲಿ ಹಿಡಿದು ಯೋಚಿಸಿದರೆ ಈ ತರ್ಕ ಎಷ್ಟು ಸರಳ, ಎಷ್ಟು ಗಟ್ಟಿ ಎಂದು ತಿಳಿಯುತ್ತದೆ.

ಈಗಿನ ಸಂಶೋಧಕರು ಅದೇ ಕೂಡಿಕೆಯನ್ನು ಅಳೆದು ನೋಡುತ್ತಿದ್ದಾರೆ. 2002ರಲ್ಲಿ ಮಾರ್ಕ್ ಅರ್ನ್ಸ್ಟ್ ಮತ್ತು ಮಾರ್ಟಿನ್ ಬ್ಯಾಂಕ್ಸ್ ಎಂಬ ಇಬ್ಬರು ವಿಜ್ಞಾನಿಗಳು ಪ್ರಕಟಿಸಿದ ಪ್ರಯೋಗದಲ್ಲಿ ಜನರು ಒಂದು ದಿಂಡಿನ ಎತ್ತರವನ್ನು ಕಣ್ಣಿನಿಂದಲೂ ಬೆರಳಿನಿಂದಲೂ ಒಟ್ಟಿಗೆ ಅಂದಾಜು ಮಾಡಬೇಕಿತ್ತು. ದೃಶ್ಯ ಸ್ಪಷ್ಟವಿದ್ದಾಗ ಮಿದುಳು ಕಣ್ಣಿನ ಮಾತಿಗೆ ಹೆಚ್ಚು ತೂಕ ಕೊಟ್ಟಿತು. ದೃಶ್ಯವನ್ನು ಬೇಕೆಂದೇ ಮಸುಕು ಮಾಡುತ್ತ ಹೋದಂತೆ ತೂಕ ಬೆರಳಿನ ಕಡೆಗೆ ವಾಲಿತು. ಯಾವ ಸಾಕ್ಷಿ ಈ ಗಳಿಗೆಯಲ್ಲಿ ಹೆಚ್ಚು ನಂಬಿಕೆಗೆ ಅರ್ಹವೋ ಅದಕ್ಕೆ ಹೆಚ್ಚು ಕಿವಿಗೊಡುವುದು, ಇನ್ನೊಂದನ್ನು ಪೂರ್ತಿ ತಳ್ಳಿಹಾಕದಿರುವುದು: ನಮ್ಮ ಪಂಚಾಯಿತಿ ಕಟ್ಟೆಯ ಹಿರಿಯರು ಮಾಡುವ ಕೆಲಸವನ್ನೇ ಮಿದುಳು ನಮಗೆ ತಿಳಿಯದಂತೆ ಕ್ಷಣಕ್ಷಣವೂ ಮಾಡುತ್ತಿರುತ್ತದೆ. ಚಿಕ್ಕ ಮಕ್ಕಳಲ್ಲಿ ಇದು ಹೀಗಿರುವುದಿಲ್ಲ. 2008ರಲ್ಲಿ ಮೋನಿಕಾ ಗೋರಿ ಮತ್ತು ಸಂಗಡಿಗರು ತೋರಿಸಿದಂತೆ, ಸುಮಾರು ಎಂಟು ವರ್ಷದವರೆಗೆ ಮಕ್ಕಳು ನೋಟ ಮತ್ತು ಸ್ಪರ್ಶವನ್ನು ಹೀಗೆ ತೂಗಿ ಕೂಡಿಸುವುದಿಲ್ಲ, ಒಂದೊಂದು ಕೆಲಸಕ್ಕೆ ಒಂದೊಂದು ಇಂದ್ರಿಯದ ಮಾತನ್ನೇ ಕೇಳುತ್ತಾರೆ. ಧರ್ಮೋಪದೇಶದ ತರಗತಿಯಲ್ಲಿ ಆರು ವರ್ಷದವರನ್ನೂ ಹನ್ನೆರಡು ವರ್ಷದವರನ್ನೂ ಒಂದೇ ಬೆಂಚಿನಲ್ಲಿ ಕೂಡಿಸುವ ನಮಗೆ ಇದು ಯೋಚಿಸಬೇಕಾದ ವಿಷಯ.

ಕಿವಿ ಮತ್ತು ಕಣ್ಣಿನ ಕೂಡಿಕೆಗೆ ಇನ್ನೂ ಹತ್ತಿರದ ಉದಾಹರಣೆ ನಮ್ಮ ಭಾನುವಾರಗಳಲ್ಲೇ ಇದೆ. ಇಲ್ಲಿ ಒಂದು ವಾರ ಮರಾಠಿ ಪೂಜೆ, ಒಂದು ವಾರ ಇಂಗ್ಲಿಷ್, ನಡುವೆ ನಮ್ಮ ಪಾಲಿಗೆ ಬಂದಷ್ಟು ಕನ್ನಡ. ಜತ್ತಿನ ಕಡೆಯಿಂದ ಬಂದ ನಮ್ಮ ಹಿರಿಯರು ಮರಾಠಿ ಪೂಜೆಗೆ ಬಂದರೆ ಮುಂದಿನ ಬೆಂಚನ್ನೇ ಹುಡುಕುತ್ತಾರೆ. "ಫಾದರ್ ಮಾರಿ ಕಂಡ್ರ ಮಾತು ತಿಳೀತೈತಿ" ಎನ್ನುತ್ತಾರೆ. ಇದು ಬರೀ ಭಕ್ತಿಯಲ್ಲ. ಗದ್ದಲದಲ್ಲಿ ಮಾತನಾಡುವವರ ಮುಖ ಕಂಡರೆ ಮಾತು ಹೆಚ್ಚು ತಿಳಿಯುತ್ತದೆ, ಗದ್ದಲ ಹೆಚ್ಚಿದಷ್ಟೂ ಮುಖದ ನೆರವು ಹೆಚ್ಚಾಗುತ್ತದೆ ಎಂದು ಸಂಬಿ ಮತ್ತು ಪೊಲಾಕ್ ಎಂಬುವರು 1954ರಲ್ಲೇ ತೋರಿಸಿದ್ದರು. 2020ರಲ್ಲಿ ಎಲ್ಲರೂ ಮಾಸ್ಕ್ ಹಾಕಿಕೊಂಡಾಗ ಎಷ್ಟೋ ಹಿರಿಯರಿಗೆ ಒಮ್ಮೆಲೇ ಕಿವಿ ಮಂದವಾದಂತೆ ಅನ್ನಿಸಿತಲ್ಲ, ಕಾರಣ ಇದೂ ಹೌದು. ಅವರು ಅಷ್ಟು ವರ್ಷ ಕಣ್ಣಿನಿಂದಲೂ ಕೇಳುತ್ತಿದ್ದರು.

1976ರಲ್ಲಿ ಹ್ಯಾರಿ ಮೆಕ್‌ಗರ್ಕ್ ಮತ್ತು ಜಾನ್ ಮೆಕ್‌ಡೊನಾಲ್ಡ್ ಇದಕ್ಕಿಂತ ವಿಚಿತ್ರವಾದದ್ದನ್ನು ಕಂಡರು. ಧ್ವನಿ 'ಬ' ಎನ್ನುತ್ತದೆ, ಅದಕ್ಕೆ ಜೋಡಿಸಿದ ಚಿತ್ರದಲ್ಲಿ ತುಟಿಗಳು 'ಗ' ಎನ್ನುತ್ತವೆ. ನೋಡುತ್ತ ಕೇಳುವವರಲ್ಲಿ ಬಹಳ ಜನರಿಗೆ 'ದ' ಕೇಳಿಸುತ್ತದೆ. ಆ 'ದ' ಧ್ವನಿಯಲ್ಲೂ ಇಲ್ಲ, ತುಟಿಯಲ್ಲೂ ಇಲ್ಲ. ನಮ್ಮ ಯುವಕರ ಸಭೆಯಲ್ಲಿ ಮೊಬೈಲಿನಲ್ಲಿ ಈ ವಿಡಿಯೊ ಹಾಕಿದೆವು. ಮೊದಲು ಎಲ್ಲರೂ ಕೇಳಿದರು, ಆಮೇಲೆ ಗುಟ್ಟು ಹೇಳಿದೆವು, ಮತ್ತೆ ಹಾಕಿದೆವು. ಗುಟ್ಟು ತಿಳಿದ ಮೇಲೂ ಅದೇ ಕೇಳಿಸಿತು. ಕಣ್ಣು ಮುಚ್ಚಿದರೆ 'ಬ', ತೆರೆದರೆ 'ದ'. ಬುದ್ಧಿಗೆ ತಿಳಿದದ್ದು ಕಿವಿಯವರೆಗೆ ಇಳಿಯುವುದೇ ಇಲ್ಲ.

ಈ ಮಾತಿನ ಹತ್ತಿರ ಸ್ವಲ್ಪ ನಿಲ್ಲಬೇಕು. "ಏನೂ ಇಲ್ಲ ಬಿಡೋ, ಬರೀ ಗಂಟಿ ಸಪ್ಪಳ" ಎಂದು ಆ ಹುಡುಗನಿಗೆ ಎಷ್ಟು ಸಲ ಹೇಳಿದ್ದಾರೋ. ಅವನಿಗೂ ಅದು ಗಂಟೆ ಎಂದು ಗೊತ್ತಿದೆ. ಗೊತ್ತಿರುವುದರಿಂದ ಕೇಳಿಸುವುದು ಬದಲಾಗುವುದಿಲ್ಲ, ನಮಗೆ 'ದ' ಬದಲಾಗದ ಹಾಗೆ. ಮೊಬೈಲಿನ ಆಟದಲ್ಲಿ ಪದವೀಧರರಾದ ನಮ್ಮಿಂದಲೇ ಆಗದ್ದನ್ನು ಎರಡನೇ ಇಯತ್ತೆಯ ಮಗುವಿನಿಂದ ಬೇಡುವುದು ನ್ಯಾಯವಲ್ಲ.

ಹಾಗಾದರೆ ನಾವೆಲ್ಲ ನಮ್ಮ ನಮ್ಮ ತಲೆಯೊಳಗಿನ ಸಿನಿಮಾ ನೋಡುತ್ತಿದ್ದೇವೆಯೇ, ಹೊರಗೆ ಸತ್ಯ ಎಂಬುದೇ ಇಲ್ಲವೇ ಎಂದು ಯುವಕರು ಕೇಳುತ್ತಾರೆ. ಇತ್ತೀಚೆಗೆ ಇಂಥ ಮಾತು ಫ್ಯಾಷನ್ ಕೂಡ ಆಗಿದೆ. ನಮಗೆ ಅದು ಒಪ್ಪಿಗೆಯಿಲ್ಲ. ಏಕೆ ಎಂಬುದಕ್ಕೆ ಮಿರಜಿನಲ್ಲೇ ಒಳ್ಳೆಯ ಪುರಾವೆಯಿದೆ.

ಮಿರಜಿನ ಸಿತಾರ್ ಮತ್ತು ತಂಬೂರಿಗಳಿಗೆ 2024ರಲ್ಲಿ ಜಿಐ ಮಾನ್ಯತೆ ಸಿಕ್ಕಿದ್ದನ್ನು ಪತ್ರಿಕೆಗಳಲ್ಲಿ ಓದಿದ್ದೀರಿ. ಕಿರಾಣಾ ಘರಾಣೆಯ ಅಬ್ದುಲ್ ಕರೀಂ ಖಾನ್ ಸಾಹೇಬರು ಇದ್ದ ಊರು ಇದು. 1937ರಲ್ಲಿ ತೀರಿಕೊಂಡ ಅವರ ಸಮಾಧಿಯೂ ಇಲ್ಲಿಯ ದರ್ಗಾದಲ್ಲಿದೆ. ಕುಂದಗೋಳದ ಸವಾಯಿ ಗಂಧರ್ವರು ಅವರ ಶಿಷ್ಯರು, ಗಂಗೂಬಾಯಿ ಹಾನಗಲ್ ಮತ್ತು ಭೀಮಸೇನ ಜೋಶಿ ಸವಾಯಿ ಗಂಧರ್ವರ ಶಿಷ್ಯರು. ಆದ್ದರಿಂದ ಮಿರಜಿನ ತಂಬೂರಿ ಕನ್ನಡದ ಕಿವಿಗೆ ಹೊಸದಲ್ಲ. ತಂಬೂರಿಯ ಕುದುರೆ ಚೂಪಾಗಿರುವುದಿಲ್ಲ, ಸ್ವಲ್ಪ ಬಾಗಿದ ಅಗಲವಾದ ಹಲಗೆ. ಅದರ ಮೇಲೆ ತಂತಿಯ ಕೆಳಗೆ ಒಂದು ನೂಲು ಸೇರಿಸಿ, ಕೂದಲೆಳೆಯಷ್ಟು ಹಿಂದೆ ಮುಂದೆ ಸರಿಸಿ ಕುಶಲಿಗರು ಅದರ ದನಿ ತೆರೆಯುತ್ತಾರೆ. ಹಾಗೆ ಮಾಡಿದಾಗ ಒಂದೇ ತಂತಿಯಿಂದ ಒಂದರ ಮೇಲೊಂದು ಅನೇಕ ಮೇಲುಸ್ವರಗಳು ಏಳುತ್ತವೆ. ಸರ್ ಸಿ.ವಿ. ರಾಮನ್ ಅವರು 1921ರಲ್ಲಿ ಇದರ ಬಗ್ಗೆ ಬರೆದರು. ತಂತಿಯನ್ನು ಯಾವ ಜಾಗದಲ್ಲಿ ಮೀಟಿದರೆ ಯಾವ ಮೇಲುಸ್ವರ ಹುಟ್ಟಬಾರದು ಎಂದು ಹಳೆಯ ನಿಯಮ ಹೇಳುತ್ತಿತ್ತೋ, ತಂಬೂರಿಯಲ್ಲಿ ಆ ಸ್ವರವೂ ಗಟ್ಟಿಯಾಗಿ ಕೇಳುತ್ತದೆ, ಅದಕ್ಕೆ ಆ ಕುದುರೆಯೇ ಕಾರಣ ಎಂದು ತೋರಿಸಿದರು. ವಿಜ್ಞಾನದ ನಿಯಮಕ್ಕಿಂತ ನಮ್ಮ ಕುಶಲಿಗರ ಕಿವಿ ಮುಂದೆ ಇತ್ತು ಎನ್ನಲು ನಮಗೆ ಸಂಕೋಚವಿಲ್ಲ.

ಈಗ ಕೇಳುವವರ ಕಡೆಗೆ ಬನ್ನಿ. ಕಿವಿಯೊಳಗೆ ಹೋಗುವುದು ಹತ್ತಾರು ಕಂಪನಗಳು. ಆದರೆ ನಮಗೆ ಹತ್ತಾರು ಸದ್ದು ಕೇಳುವುದಿಲ್ಲ, ಒಂದೇ ತುಂಬಿದ ನಾದ ಕೇಳುತ್ತದೆ. ಇವೆಲ್ಲ ಒಂದೇ ಕಡೆಯಿಂದ ಬಂದಿರಬೇಕು ಎಂದು ಮಿದುಳು ಊಹಿಸಿ ಕಟ್ಟು ಹಾಕಿತು. ಕಟ್ಟಿದ್ದು ಮಿದುಳು, ನಿಜ. ಆದರೆ ಸುಳ್ಳು ಕಟ್ಟಲಿಲ್ಲ. ತಂತಿ ನಿಜವಾಗಿಯೂ ಒಂದೇ ಇದೆ! ಮಿದುಳಿನ ಊಹೆ ಲೋಕದ ಜೊತೆ ಪಳಗಿದ ಊಹೆ. ಆದ್ದರಿಂದ ಅದು ಬಹುಪಾಲು ಸರಿಯಾಗಿರುತ್ತದೆ, ಜಂಕ್ಷನ್ನಿನಲ್ಲಿ ಒಮ್ಮೊಮ್ಮೆ ಎಡವುತ್ತದೆ. ಸತ್ಯ ಇಲ್ಲ ಎನ್ನುವುದು ಬೇರೆ, ಸತ್ಯವನ್ನು ಮುಟ್ಟಲು ಎಲ್ಲರೂ ಊಹೆಯ ಕೈಕೋಲು ಹಿಡಿದೇ ನಡೆಯಬೇಕು ಎನ್ನುವುದು ಬೇರೆ.

ಈ ಕಟ್ಟು ಹಾಕುವ ಕೆಲಸ ಎಲ್ಲರಲ್ಲೂ ಒಂದೇ ರೀತಿ ನಡೆಯುವುದಿಲ್ಲ. ಸಾಂಗ್ಲಿಯ ಅರಿಶಿನ ಪೇಟೆಯ ಹತ್ತಿರ ಮನೆಯಿರುವವರು 2020-21ರಲ್ಲಿ ಕೋವಿಡ್ ಬಂದಾಗ ಅರಿಶಿನದ ವಾಸನೆಯೇ ಇಲ್ಲದ ಊರನ್ನು ಕಂಡರು. ಸಾರು ನೀರಿನಂತೆ ಆಯಿತು, ನಾಲಗೆ ಸತ್ತಿತು ಎಂದರು. ಬಹಳ ಜನರಲ್ಲಿ ಕೆಟ್ಟಿದ್ದು ನಾಲಗೆಗಿಂತ ಹೆಚ್ಚಾಗಿ ಮೂಗು. ರುಚಿ ಎಂದು ನಾವು ಕರೆಯುವುದರಲ್ಲಿ ದೊಡ್ಡ ಪಾಲು ಗಂಟಲ ಹಿಂದಿನಿಂದ ಮೂಗಿಗೆ ಏರುವ ವಾಸನೆಯದು. ಆಗ ಮನೆಯವರು ಯಾರೂ "ನಮಗೆ ರುಚಿ ಹತ್ತುತ್ತದೆ, ನೀನು ಸುಳ್ಳು ಹೇಳುತ್ತಿದ್ದೀಯ" ಎನ್ನಲಿಲ್ಲ. ಏಕೆಂದರೆ ಆ ರೋಗಕ್ಕೆ ಹೆಸರಿತ್ತು, ಟಿವಿಯಲ್ಲಿ ಹೇಳಿದ್ದರು.

ಹೆಸರು ತಿಳಿಯದ ಕಾಲದಲ್ಲಿ ಏನಾಗುತ್ತದೆ ಎಂಬುದಕ್ಕೂ ಮಿರಜ್ ಸಾಕ್ಷಿ. 1894ರಲ್ಲಿ ಡಾ. ವಾನ್ಲೆಸ್ ಸ್ಥಾಪಿಸಿದ ಪ್ರೊಟೆಸ್ಟೆಂಟ್ ಮಿಷನ್ ಆಸ್ಪತ್ರೆ ಎಲ್ಲರಿಗೂ ಗೊತ್ತು. ಇಲ್ಲಿಯ ರಿಚರ್ಡ್ಸನ್ ಕುಷ್ಠರೋಗ ಆಸ್ಪತ್ರೆಯನ್ನು ಕಂಡವರು ಕಡಿಮೆ. ಕುಷ್ಠ ಎಂದರೆ ಮಾಂಸ ತಾನಾಗಿ ಕೊಳೆತು ಉದುರುವ ರೋಗ ಎಂದು ಜನ ಬಹಳ ಕಾಲ ನಂಬಿದ್ದರು, ಪಾಪದ ಫಲ ಎಂದವರೂ ಇದ್ದರು. ವೆಲ್ಲೂರಿನಲ್ಲಿ ದುಡಿದ ಡಾ. ಪಾಲ್ ಬ್ರ್ಯಾಂಡ್ ಅವರು ರೋಗಿಗಳ ಕೈಕಾಲುಗಳನ್ನು ವರ್ಷಗಟ್ಟಲೆ ಗಮನಿಸಿ ಬೇರೆಯೇ ಸತ್ಯ ಹೇಳಿದರು. ರೋಗ ನರಗಳನ್ನು ಕೆಡಿಸುತ್ತದೆ, ನೋವು ತಿಳಿಯುವುದಿಲ್ಲ. ಬಿಸಿ ಪಾತ್ರೆ ಹಿಡಿದರೂ, ಮುಳ್ಳು ತುಳಿದರೂ ಗೊತ್ತಾಗದೆ ಗಾಯದ ಮೇಲೆ ಗಾಯವಾಗಿ ಬೆರಳು ಹಾಳಾಗುತ್ತದೆ. ಹಾಗಾಗಿ ಇಂಥ ರೋಗಿಗಳಿಗೆ ದಿನವೂ ಕೈಕಾಲುಗಳನ್ನು ಕಣ್ಣಿನಿಂದ ಪರೀಕ್ಷಿಸಿಕೊಳ್ಳಲು ಕಲಿಸುತ್ತಾರೆ. ಚರ್ಮ ಹೇಳಲಾರದ ಮಾತನ್ನು ಕಣ್ಣು ಹೇಳಬೇಕು. ಅವರ ದೇಹದಲ್ಲಿ ಒಬ್ಬ ಸಾಕ್ಷಿ ಮೂಕನಾಗಿದ್ದ, ನಾವು ಹೊರಗೆ ನಿಂತು ಕಥೆ ಕಟ್ಟಿದೆವು.

ನೋವು ತಿಳಿಯದವರ ಬಗ್ಗೆ ಹೀಗಾಯಿತು. ಹೆಚ್ಚು ತಿಳಿಯುವವರ ಬಗ್ಗೆ ಈಗಲೂ ಆಗುತ್ತಿದೆ. ಆಟಿಸಂ ಇರುವ ಮಕ್ಕಳಲ್ಲಿ ಸದ್ದು, ಬೆಳಕು, ಬಟ್ಟೆಯ ಸ್ಪರ್ಶ ಅತಿಯಾಗಿಯೋ ತೀರ ಕಡಿಮೆಯಾಗಿಯೋ ತಟ್ಟುವುದನ್ನು ಅಮೆರಿಕದ ಮನೋವೈದ್ಯರು 2013ರ ತಮ್ಮ ಕೈಪಿಡಿಯಲ್ಲಿ ಲಕ್ಷಣವಾಗಿಯೇ ಸೇರಿಸಿದ್ದಾರೆ. ಇಂಥ ಅನೇಕ ಮಕ್ಕಳಲ್ಲಿ ಕಂಡದ್ದನ್ನೂ ಕೇಳಿದ್ದನ್ನೂ ಒಂದೇ ಕ್ಷಣದ್ದು ಎಂದು ಜೋಡಿಸುವ ಗಡುವು ಬೇರೆಯವರಿಗಿಂತ ಸಡಿಲವಾಗಿರುತ್ತದೆ ಎಂದು 2014ರ ಸಂಶೋಧನೆಯೊಂದು ತೋರಿಸಿದೆ. ನಮ್ಮ ದೇಶದ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿ ಆಟಿಸಂ ಇದೆ. ಆ ಹುಡುಗನಿಗೆ ಇರುವುದು ಅದೇ ಎಂದು ನಾವು ಹೇಳುತ್ತಿಲ್ಲ, ಹೇಳಲು ನಾವು ವೈದ್ಯರಲ್ಲ. ಹೆಸರು ಸಿಕ್ಕಿದ ಮೇಲೆಯೇ ನಂಬುತ್ತೇವೆ ಎನ್ನುವುದೇ ನಮಗೆ ಸರಿ ಕಾಣುವುದಿಲ್ಲ. ಡಾಕ್ಟರ ಚೀಟಿ ತೋರಿಸಿ ಪೂಜೆಗೆ ಬರಬೇಕೇ?

ಇಲ್ಲಿ ಶುಭಸಂದೇಶದ ಒಂದು ಘಟನೆ ನೆನಪಾಗುತ್ತದೆ. ಮಾರ್ಕನ 8ನೇ ಅಧ್ಯಾಯದಲ್ಲಿ ಬೆತ್ಸಾಯಿದದ ಕುರುಡನ ಕಥೆಯಿದೆ. ಯೇಸುಸ್ವಾಮಿ ಅವನ ಕಣ್ಣುಗಳನ್ನು ಮುಟ್ಟಿದ ಮೇಲೆ, ಏನಾದರೂ ಕಾಣುತ್ತಿದೆಯೇ ಎಂದು ಅವನನ್ನೇ ಕೇಳುತ್ತಾರೆ. ಜನರು ಮರಗಳ ಹಾಗೆ ಕಾಣುತ್ತಾರೆ, ಆದರೆ ನಡೆದಾಡುತ್ತಿದ್ದಾರೆ ಎಂದು ಅವನು ಹೇಳುತ್ತಾನೆ. ಮತ್ತೊಮ್ಮೆ ಕೈಯಿಟ್ಟ ಮೇಲೆ ಎಲ್ಲವೂ ಸ್ಪಷ್ಟವಾಗುತ್ತದೆ.

ಈ ಮರದಂಥ ಮನುಷ್ಯರ ಮಾತು ನಮಗೆ ಬಹಳ ದಿನ ವಿಚಿತ್ರ ಎನಿಸಿತ್ತು. 1688ರಲ್ಲಿ ಡಬ್ಲಿನ್ನಿನ ವಿಲಿಯಂ ಮಾಲಿನ್ಯೂ ಎಂಬುವರು ತತ್ತ್ವಜ್ಞಾನಿ ಜಾನ್ ಲಾಕ್‌ಗೆ ಒಂದು ಪ್ರಶ್ನೆ ಬರೆದು ಕಳಿಸಿದ್ದರು. ಅವರ ಪತ್ನಿಗೂ ದೃಷ್ಟಿ ಹೋಗಿತ್ತು. ಗೋಲ ಯಾವುದು, ಘನ ಯಾವುದು ಎಂದು ಮುಟ್ಟಿಯೇ ಬಲ್ಲ ಹುಟ್ಟುಕುರುಡನಿಗೆ ಕಣ್ಣು ಬಂದರೆ, ಮುಟ್ಟದೆ ನೋಡಿಯೇ ಅವುಗಳನ್ನು ಗುರುತಿಸಬಲ್ಲನೇ? ಮುನ್ನೂರು ವರ್ಷ ತತ್ತ್ವಜ್ಞಾನಿಗಳು ವಾದಿಸಿದರು. ಉತ್ತರದ ಒಂದು ಭಾಗ ನಮ್ಮ ದೇಶದ ಮಕ್ಕಳಿಂದ ಬಂತು. ಪವನ್ ಸಿನ್ಹಾ ಅವರ 'ಪ್ರಾಜೆಕ್ಟ್ ಪ್ರಕಾಶ್' ಮೂಲಕ ದೆಹಲಿಯಲ್ಲಿ ಶಸ್ತ್ರಚಿಕಿತ್ಸೆಯಾಗಿ ದೃಷ್ಟಿ ಪಡೆದ, 8ರಿಂದ 17 ವರ್ಷದ ಐದು ಮಕ್ಕಳ ಪರೀಕ್ಷೆಯ ಫಲ 2011ರಲ್ಲಿ ಪ್ರಕಟವಾಯಿತು. ಮುಟ್ಟಿದ್ದನ್ನು ಮುಟ್ಟಿ ಗುರುತಿಸಿದರು, ಕಂಡದ್ದನ್ನು ಕಂಡು ಗುರುತಿಸಿದರು. ಮುಟ್ಟಿದ್ದನ್ನು ಕಂಡು ಗುರುತಿಸಲು ಮಾತ್ರ ಮೊದಲಿಗೆ ಆಗಲಿಲ್ಲ, ಬರೀ ಊಹೆಯಾಯಿತು. ಕೆಲವೇ ದಿನಗಳಲ್ಲಿ ಅದೂ ಬಹಳ ಸುಧಾರಿಸಿತು. ಕಣ್ಣು ತೆರೆಯುವುದು ಒಂದು, ಕಣ್ಣು ಮತ್ತು ಕೈ ಪರಿಚಯವಾಗುವುದು ಇನ್ನೊಂದು. ಕುರುಡನ ಮರಗಳು ಈಗ ವಿಚಿತ್ರ ಎನಿಸುವುದಿಲ್ಲ. ಇದರಿಂದ ಶುಭಸಂದೇಶಕ್ಕೆ ವಿಜ್ಞಾನದ ಸರ್ಟಿಫಿಕೇಟು ಸಿಕ್ಕಿತು ಎಂದು ನಾವು ಹೇಳುವುದಿಲ್ಲ, ಅದು ಬೇಕಾಗಿಯೂ ಇಲ್ಲ. ನಮ್ಮನ್ನು ಹಿಡಿದು ನಿಲ್ಲಿಸಿದ್ದು ಆ ಪ್ರಶ್ನೆ. ಕಾಣುತ್ತಿದೆಯೇ ಎಂದು ಪ್ರಭು ಕೇಳಿದರು. ಉತ್ತರ ಅಸಂಬದ್ಧವಾಗಿತ್ತು. ಸುತ್ತ ನಿಂತವರಿಗೆಲ್ಲ ಜನರು ಜನರಂತೆಯೇ ಕಾಣುತ್ತಿದ್ದರು. ಆದರೂ ಅವನನ್ನು ಗದರಿಸಲಿಲ್ಲ, ಅವನು ಹೇಳಿದ್ದನ್ನು ಹೇಳಿದಂತೆಯೇ ಒಪ್ಪಿ ಮತ್ತೆ ಕೈಯಿಟ್ಟರು.

ಒಂದು ಆಕ್ಷೇಪಣೆಗೆ ಉತ್ತರಿಸಬೇಕು. ಯುವಕರ ಸಭೆಯಲ್ಲೇ ಬಂದದ್ದು ಅದು: ಎಲ್ಲರ ಮಾತನ್ನೂ ನಂಬುತ್ತ ಹೋದರೆ ಹಗ್ಗವನ್ನು ಹಾವು ಎಂದವನನ್ನೂ ನಂಬಬೇಕೇ? ಪ್ರತ್ಯಕ್ಷ ಕಂಡರೂ ಪರಾಂಬರಿಸಿ ನೋಡು ಎಂದು ಹಿರಿಯರು ಹೇಳಿಲ್ಲವೇ? ಹೇಳಿದ್ದಾರೆ, ಸರಿಯಾಗಿಯೇ ಹೇಳಿದ್ದಾರೆ. ಆದರೆ ಇಲ್ಲಿ ಎರಡು ಬಗೆಯ ಮಾತುಗಳಿವೆ. ಅಂಗಳದಲ್ಲಿ ಹಾವಿದೆ ಎನ್ನುವುದು ಅಂಗಳದ ಬಗೆಗಿನ ಮಾತು. ದೀಪ ಹಿಡಿದು ಹತ್ತು ಜನ ಹೋಗಿ ನೋಡಬಹುದು, ನೋಡಲೇಬೇಕು. ಹಾವೆಂದು ಕಂಡು ಎದೆ ಡವಗುಟ್ಟುತ್ತಿದೆ ಎನ್ನುವುದು ಆ ಎದೆಯ ಬಗೆಗಿನ ಮಾತು. ಅದನ್ನು ಹೋಗಿ ನೋಡಲು ಇನ್ನೊಬ್ಬರಿಗೆ ದಾರಿಯಿಲ್ಲ, ಸಾಕ್ಷಿ ಒಬ್ಬನೇ. ಹಗ್ಗ ಎಂದು ಗೊತ್ತಾದ ಮೇಲೂ ಎದೆ ಡವಗುಟ್ಟಿದ್ದು ಸುಳ್ಳಾಗುವುದಿಲ್ಲ. ಗಂಟೆ ಎಷ್ಟು ಜೋರು ಎಂದು ಯಂತ್ರವಿಟ್ಟು ಅಳೆಯಬಹುದು, ಅದರ ಬಗ್ಗೆ ವಾದವನ್ನೂ ಮಾಡಬಹುದು. ಅದು ಚುಚ್ಚುತ್ತದೆಯೇ ಎಂಬ ಪ್ರಶ್ನೆಗೆ ಹುಡುಗನೊಬ್ಬನೇ ಉತ್ತರ ಕೊಡಬಲ್ಲ. ಹತ್ತು ಜನರ ಸಾಕ್ಷಿ ಅಲ್ಲಿ ಹತ್ತು ಬೇರೆ ಕಿವಿಗಳ ಸಾಕ್ಷಿ, ಅವನ ಕಿವಿಯದ್ದಲ್ಲ.

ಮಕ್ಕಳು ನಾಟಕ ಮಾಡುವುದೂ ಉಂಟು, ಒಪ್ಪುತ್ತೇವೆ. ನಾಟಕವನ್ನು ನಂಬಿದರೆ ನಾವು ಕಳೆದುಕೊಳ್ಳುವುದು ಸ್ವಲ್ಪ ಸಪ್ಪಳ. ನಿಜವಾದ ನೋವನ್ನು ನಾಟಕ ಎಂದರೆ ಒಂದು ಮನೆಯವರು ಗೇಟಿನ ಹೊರಗೇ ಉಳಿಯುತ್ತಾರೆ. ಮರಾಠಿ ನಾಡಿನಲ್ಲಿ ಕನ್ನಡಿಗರಾಗಿ, ಆ ಕನ್ನಡಿಗರ ನಡುವೆ ಕಥೋಲಿಕರಾಗಿ ಇರುವ ನಮಗೆ, 'ಇಷ್ಟೇ ಜನಕ್ಕಾಗಿ ಯಾಕೆ' ಎಂಬ ಮಾತು ಎಲ್ಲಿಂದ ಬರುತ್ತದೆ, ಎಲ್ಲಿ ತಾಗುತ್ತದೆ ಎರಡೂ ಗೊತ್ತು. ಕನ್ನಡ ಪೂಜೆ ಕೇಳಿದಾಗ ಅದೇ ಮಾತನ್ನು ನಾವೂ ಕೇಳಿಸಿಕೊಂಡಿದ್ದೇವೆ.

ಕಳೆದ ಸಭೆಯಲ್ಲಿ ಇದನ್ನೆಲ್ಲ ಚರ್ಚಿಸಿ ಕೊನೆಗೆ ಆ ತಾಯಿಯನ್ನೇ ಕೇಳಿದೆವು. ಅವರು ಕೇಳಿದ್ದು ನಾವು ಎಣಿಸಿದ್ದಕ್ಕಿಂತ ಬಹಳ ಕಡಿಮೆ. ಗಂಟೆ ನಿಲ್ಲಿಸುವುದು ಬೇಡ. ಯಾವಾಗ ಬಾರಿಸುತ್ತಾರೆ ಎಂದು ಮೊದಲೇ ತಿಳಿದರೆ ಅವನು ಕಿವಿ ಮುಚ್ಚಿಕೊಂಡು ತಯಾರಾಗಿರುತ್ತಾನೆ, ಹಠಾತ್ತನೆ ಬಂದರೆ ಮಾತ್ರ ತಡೆಯಲಾರ. ಈಗ ಪೀಠಸೇವೆಯ ಹುಡುಗರಲ್ಲಿ ಒಬ್ಬ ಗಂಟೆ ಎತ್ತುವ ಮೊದಲು ಎಡಗೈಯನ್ನು ಸ್ವಲ್ಪ ಮೇಲೆತ್ತುತ್ತಾನೆ. ಪಕ್ಕದ ಬಾಗಿಲಿನ ಹತ್ತಿರ, ಸ್ಪೀಕರಿನಿಂದ ದೂರ, ಒಂದು ಬೆಂಚು ಹಾಕಿದ್ದೇವೆ. ಎರಡು ಭಾನುವಾರ ಅವರು ಒಳಗೆ ಕುಳಿತರು, ಮೂರನೆಯ ಭಾನುವಾರ ಮತ್ತೆ ಗಿಡದ ಕೆಳಗೆ ನಿಂತಿದ್ದರು. ಅಂದು ಕೀಬೋರ್ಡಿನವರು ಹೊಸ ಸ್ಪೀಕರ್ ತಂದಿದ್ದರು.

ಪಾಲಕ ಸಂತರ ಹಬ್ಬದ ಮೆರವಣಿಗೆಗೆ ಹಲಗಿಯ ಜೊತೆ ಡಾಲ್ಬಿಯೂ ಬೇಕು ಎಂದು ಯುವಕರಲ್ಲಿ ಅರ್ಧ ಜನರ ಹಟ. ಮುಂಗಡ ಇನ್ನೂ ಕೊಟ್ಟಿಲ್ಲ. ಬರುವ ಭಾನುವಾರ ಎರಡನೆಯ ಪೂಜೆಯ ನಂತರ ಸಭಾಭವನದಲ್ಲಿ ಇದರ ತೀರ್ಮಾನ ಆಗಬೇಕಿದೆ. ಆ ತಾಯಿಯನ್ನೂ ಕರೆದಿದ್ದೇವೆ, ನೀವೂ ಬನ್ನಿ.